ಬಿದ್ದ ಪೆನ್ನು ಎತ್ತಿಕೊಳ್ಳಲು ಕಲಿತದ್ದು

ಬೆನ್ನುನೋವಿಗೆ ಮಾಡಿಸಿದ ಎಂಆರ್‌ಐ ರಿಪೋರ್ಟಿನಲ್ಲಿ ಡಿಸ್ಕ್, ಅಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿದೆ ಅಂತ ಬರೆದಿತ್ತು. ಅವತ್ತಿನಿಂದ ನಾನು ಬಗ್ಗುವುದನ್ನೇ ಬಿಟ್ಟೆ. ಕೆಳಗೆ ಬಿದ್ದ ಪೆನ್ನು ಅಲ್ಲೇ ಇರುತ್ತಿತ್ತು. ಲೇಸ್ ಕಟ್ಟಬೇಕಲ್ಲ ಅಂತ ಶೂ ಹಾಕುವುದನ್ನೂ ಬಿಟ್ಟೆ. ಮನೆಯವರು ‘ನೀನು ಎತ್ತಬೇಡ, ಸುಮ್ನೆ ಕೂತ್ಕೋ’ ಅನ್ನುತ್ತಿದ್ದರು. ಪ್ರೀತಿಯಿಂದಲೇ. ಆದರೆ ಆ ಮಾತು ಕೇಳಿ ಕೇಳಿ ನನ್ನ ಬೆನ್ನು ಗಾಜಿನದು ಅಂತಲೇ ನಂಬಿಬಿಟ್ಟೆ.

ಮೂರು ತಿಂಗಳು ದಾಟಿದರೆ ಅದು ದೀರ್ಘಕಾಲದ ನೋವು. ನನ್ನದು ಎರಡು ವರ್ಷ ದಾಟಿತ್ತು.

ಆಗ ಒಬ್ಬ ಫಿಸಿಯೋಥೆರಪಿಸ್ಟ್ 13 ಪ್ರಶ್ನೆಗಳ ಹಾಳೆ ಕೊಟ್ಟರು. ನೋವು ಬಂದಾಗ ತಲೆಯಲ್ಲಿ ಏನೇನು ಓಡುತ್ತದೆ ಅನ್ನುವುದರ ಮೇಲೆ. 52ಕ್ಕೆ ನನಗೆ 38 ಬಂತು. ಇಂಥ ಪರೀಕ್ಷೆಯಲ್ಲಿ ಜಾಸ್ತಿ ಅಂಕ ಬಂದರೆ ಫೇಲು! ‘ಅಂದ್ರೆ ನೋವು ನನ್ನ ಭ್ರಮೆ ಅಂತೀರಾ?’ ಅಂತ ಸಿಡುಕಿದೆ. ‘ನೋವು ನಿಜ. ಆದರೆ ಭಯ ಅದರ ವಾಲ್ಯೂಮ್ ಏರಿಸುತ್ತಿದೆ’ ಅಂದರು. ಬೆನ್ನುನೋವೇ ಇಲ್ಲದ 50ರ ವಯಸ್ಸಿನವರನ್ನು ಸ್ಕ್ಯಾನ್ ಮಾಡಿದರೂ ನೂರಕ್ಕೆ ಸುಮಾರು 80 ಮಂದಿಯಲ್ಲಿ ಡಿಸ್ಕ್ ಸವೆತ ಕಾಣುತ್ತದಂತೆ. ನನಗಾಗ 51. ರಿಪೋರ್ಟ್ ಕೊಟ್ಟ ದಿನವೇ ಯಾರಾದರೂ ಇದನ್ನು ಹೇಳಬಾರದಿತ್ತಾ?

(ಕಾಲಿನ ಬಲ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಮಾತು ಬೇರೆ. ತಡಮಾಡದೆ ಡಾಕ್ಟರ ಹತ್ತಿರ ಓಡಬೇಕು. ನನಗೆ ಅವು ಇಲ್ಲ ಅಂತ ಮೊದಲೇ ನೋಡಿದ್ದರು.)

ಫಿಸಿಯೋಥೆರಪಿಸ್ಟ್ ಹೇಳಿದಂತೆ ಭಯ ಹುಟ್ಟಿಸುವ ಕೆಲಸಗಳನ್ನು ಬರೆದು, ಒಂದೊಂದಕ್ಕೂ ಹತ್ತರಲ್ಲಿ ಅಂಕ ಕೊಟ್ಟೆ. ಪೆನ್ನು ಎತ್ತುವುದಕ್ಕೆ 9. ಮೊದಲು ಕುರ್ಚಿಯಲ್ಲಿ ಕೂತು ಮೊಣಕಾಲ ಕೆಳಗೆ ಕೈ ಚಾಚಿದೆ. ಚಾಚುವ ಮುಂಚೆ ಏನಾಗುತ್ತದೆ ಅಂತ ಬರೆಯಬೇಕಿತ್ತು. ‘ಕಟ್ ಅನ್ನುತ್ತೆ, ಏಳೋಕಾಗಲ್ಲ’ ಅಂತ ಬರೆದೆ. ಸ್ವಲ್ಪ ಹಿಡಿದಂತಾಯಿತು, ಅಷ್ಟೇ. ಆಗಲೇ ಗೊತ್ತಾದದ್ದು, ಬಗ್ಗುವಾಗೆಲ್ಲ ನಾನು ಉಸಿರು ಬಿಗಿಹಿಡಿದು, ಹೊಟ್ಟೆ ಕಲ್ಲು ಮಾಡಿಕೊಳ್ಳುತ್ತಿದ್ದೆ. ಉಸಿರು ಬಿಡುತ್ತಾ ಬಗ್ಗುವುದನ್ನು ಕಲಿಯೋಕೇ ಎರಡು ವಾರ ಹಿಡಿಯಿತು. ಪೆನ್ನು ಮುಟ್ಟಿದ್ದು ಆರನೇ ವಾರ.

ಇನ್ನೊಂದು ತಪ್ಪೂ ಇತ್ತು. ಚೆನ್ನಾಗಿರುವ ದಿನ ಮನೆಯೆಲ್ಲ ಗುಡಿಸಿ ಒರೆಸಿ, ಮುಂದಿನ ಎರಡು ದಿನ ಹಾಸಿಗೆ ಹಿಡಿಯುತ್ತಿದ್ದೆ. ಈಗ ಟೈಮರ್ ಇಟ್ಟು 15 ನಿಮಿಷ ಕೆಲಸ. ಇನ್ನೂ ಮಾಡಬಲ್ಲೆ ಅನಿಸಿದರೂ ನಿಲ್ಲಿಸುತ್ತೇನೆ. ನನಗೆ ಭಯಕ್ಕಿಂತ ಇದೇ ಕಷ್ಟವಾಯಿತು.

ನೋವು ಹೋಗಿಲ್ಲ. ಹತ್ತರಲ್ಲಿ ಆರಿದ್ದದ್ದು ನಾಲ್ಕಕ್ಕೆ ಇಳಿದಿರಬಹುದು. ನಿದ್ದೆಗೆಟ್ಟ ಮರುದಿನ ಮತ್ತೆ ಆರು. ಆದರೆ ಶೂ ಹಾಕುತ್ತೇನೆ. ಏನಾದರೂ ಕೆಳಗೆ ಬಿದ್ದರೆ ಮನೆಯವರು ಈಗಲೂ ಓಡಿ ಬರುತ್ತಾರೆ. ಅವರಿಗಿಂತ ಮುಂಚೆ ಬಗ್ಗಬೇಕು, ಅದೇ ಪಂದ್ಯ.