ಕಡಲಂಚಿನ ಹಳ್ಳ, ಜೌಗುಭೂಮಿ: ಅಳೆಯುವ ಮೊದಲು ಉಬ್ಬರದ ಹೊತ್ತು ನೋಡಿ

ಕಡಲತೀರದ ಉದ್ಯಾನದೊಳಗೆ ಹರಿಯುವ ಹಳ್ಳದ ನೀರು ಬೆಳಿಗ್ಗೆ ಸಿಹಿಯಾಗಿದ್ದು ಮಧ್ಯಾಹ್ನ ಉಪ್ಪಾಗಿರಬಹುದು. ಎರಡೂ ನಿಜವೇ. ಹಾಗಾಗಿ ಇಲ್ಲಿ ತೆಗೆದ ಅಳತೆಯ ಪಕ್ಕದಲ್ಲಿ ಉಬ್ಬರವೋ ಇಳಿತವೋ ಎಂದು ಬರೆಯದಿದ್ದರೆ, ಆ ಅಂಕಿಯನ್ನು ಮುಂದಿನ ವರ್ಷ ಯಾವುದರ ಜೊತೆಗೂ ಹೋಲಿಸಲು ಬರುವುದಿಲ್ಲ. ಉಪಕರಣ ಕೊಳ್ಳುವ ಮೊದಲೇ ಈ ಶಿಸ್ತು ಬರಬೇಕು.

ಜಾಗ ಮತ್ತು ದಿನ

ಉದ್ಯಾನದ ಅಧಿಕಾರಿಗಳ ಅನುಮತಿ ಪಡೆದು, ಹಳ್ಳದಲ್ಲಿ ಮೂರು ಜಾಗ ಆರಿಸಿಕೊಳ್ಳಿ: ಉಬ್ಬರ ಎಂದೂ ತಲುಪದ ಮೇಲ್ಭಾಗ, ಆಗಾಗ ಉಪ್ಪುನೀರು ಏರಿ ಬರುವ ನಡುಭಾಗ, ಅಳಿವೆಯ ಹತ್ತಿರದ ಕೆಳಭಾಗ. ಹತ್ತು ಜಾಗ ಆರಿಸಿ ಮಳೆಗಾಲದಲ್ಲಿ ಕೈಬಿಡುವುದಕ್ಕಿಂತ ಮೂರನ್ನು ವರ್ಷವಿಡೀ ಬಿಡದೆ ನೋಡುವುದು ಮೇಲು. ಪ್ರತಿ ಜಾಗದಲ್ಲೂ ಒಂದು ಗೂಟ ನೆಟ್ಟು, ಅಲ್ಲಿಂದ ಅದೇ ದಿಕ್ಕಿಗೆ, ಅದೇ ಎತ್ತರದಿಂದ ಪ್ರತಿ ಸಲವೂ ಫೋಟೊ ತೆಗೆಯಿರಿ.

ಹೆಚ್ಚಿನವರು ಎಡವುವುದು ದಿನ ಗೊತ್ತುಮಾಡುವಾಗ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ದಿನಕ್ಕೆರಡು ಉಬ್ಬರ ಬರುವ ತೀರದಲ್ಲಿ ಈ ಭಾನುವಾರ ಬೆಳಿಗ್ಗೆ 8ಕ್ಕೆ ಇಳಿತವಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ತುಂಬು ಉಬ್ಬರ. ವಾರಕ್ಕೊಮ್ಮೆ ಅಳೆದವರ ಪಟ್ಟಿಯಲ್ಲಿ ಉಪ್ಪು ಏರಿಳಿಯುವುದು ಕಂಡು ಏನೋ ಅನಾಹುತವಾಗಿದೆ ಎಂದುಕೊಳ್ಳುವುದು ಇದರಿಂದಲೇ. ಹದಿನೈದು ದಿನಕ್ಕೊಮ್ಮೆ ಹೋದರೆ ಉಬ್ಬರದ ಹಂತ ಬಹುಮಟ್ಟಿಗೆ ಅದೇ ಇರುತ್ತದೆ. ಇಳಿತ ಬೆಳಗಿನ ಹೊತ್ತಿಗೆ ಬೀಳುವ ದಿನಗಳನ್ನು ಉಬ್ಬರ-ಇಳಿತದ ಕೋಷ್ಟಕ ನೋಡಿ ಗುರುತು ಹಾಕಿಕೊಳ್ಳಿ. ಕರಗಿದ ಆಮ್ಲಜನಕ ನಸುಕಿನಲ್ಲಿ ಅತಿ ಕಡಿಮೆ, ಮಧ್ಯಾಹ್ನದ ನಂತರ ಹೆಚ್ಚು. ಆದ್ದರಿಂದ ಗಡಿಯಾರದ ಹೊತ್ತೂ ಮುಖ್ಯ. ಹಿಂದಿನ 24 ಗಂಟೆಯಲ್ಲಿ ಮಳೆ ಬಂದಿತ್ತೇ ಎಂದೂ ಬರೆದಿಡಿ.

ಉಪ್ಪು ಮತ್ತು ಆಮ್ಲಜನಕ

ಉಪ್ಪಿನ ಅಂಶ ತಿಳಿಯಲು, ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ಅಳೆಯುವ ಕಂಡಕ್ಟಿವಿಟಿ ಮೀಟರ್ ಸಾಕು. ಮೇಲ್ಭಾಗಕ್ಕೆ 1,413 ಮೈಕ್ರೋಸೀಮೆನ್ಸ್‌ನ ದ್ರಾವಣದಿಂದಲೂ ಚೌಳು ನೀರಿಗೆ 12,880ರ ದ್ರಾವಣದಿಂದಲೂ ಮೀಟರನ್ನು ಸರಿಹೊಂದಿಸಿ. ಕಡಲ ನೀರು 50,000ದ ಆಸುಪಾಸು ತೋರಿಸುತ್ತದೆ. ಉಪ್ಪು ಹೆಚ್ಚಾದಂತೆ ಹಲವು ಮೀಟರ್‌ಗಳು ತಾವಾಗಿಯೇ ಮಿಲಿಸೀಮೆನ್ಸ್‌ಗೆ ಬದಲಾಗುತ್ತವೆ. ಬರೆಯುವವರು ಅಂಕಿಯನ್ನಷ್ಟೇ ಬರೆದರೆ 12,000 ಇದ್ದದ್ದು 12 ಆಗಿಬಿಡುತ್ತದೆ. ಹಾಳೆಯಲ್ಲಿ ಮಾನಕ್ಕೇ ಬೇರೆ ಕಾಲಮ್ ಇರಲಿ.

ಅಳಿವೆಯ ಹತ್ತಿರ ಮೇಲ್ಮೈಯಲ್ಲಿ ಒಮ್ಮೆ, ತಳದಿಂದ ಒಂದು ಗೇಣು ಮೇಲೆ ಇನ್ನೊಮ್ಮೆ ಅಳೆಯಿರಿ. ಸಿಹಿನೀರು ಹಗುರ, ಉಪ್ಪುನೀರಿನ ಮೇಲೆ ತೇಲುತ್ತದೆ. ಕೇಬಲ್ಲನ್ನು ನಿಧಾನವಾಗಿ ಇಳಿಸುತ್ತಾ ಹೋದರೆ ನೂರರಲ್ಲಿದ್ದ ಅಂಕಿ ಒಂದೇ ಮೀಟರ್ ಆಳದಲ್ಲಿ ಹತ್ತಾರು ಸಾವಿರಕ್ಕೆ ಹಾರುವುದನ್ನು ಕಣ್ಣಾರೆ ನೋಡಬಹುದು. ಮೇಲಿನ ನೀರಷ್ಟನ್ನೇ ಬಾಟಲಿಗೆ ತುಂಬಿಕೊಂಡು ಬಂದವರಿಗೆ ಇದು ಕಾಣುವುದೇ ಇಲ್ಲ.

ಆಮ್ಲಜನಕದ ಮೀಟರ್‌ಗೆ ಉಪ್ಪಿನ ಪ್ರಮಾಣ ತಿಳಿಸಲೇಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯೊಂದಿಗೆ ಸಮತೋಲಕ್ಕೆ ಬಂದ ಸಿಹಿನೀರು ಲೀಟರಿಗೆ 8.3 ಮಿಲಿಗ್ರಾಂ ಹಿಡಿದಿಟ್ಟರೆ, ಕಡಲ ನೀರು ಹಿಡಿಯುವುದು 6.7ರ ಸುಮಾರು. 5ಕ್ಕಿಂತ ಇಳಿದರೆ ಅನೇಕ ಮೀನುಗಳಿಗೆ ಕಷ್ಟ, 2ಕ್ಕಿಂತ ಇಳಿದರೆ ಹೆಚ್ಚಿನವು ಉಳಿಯಲಾರವು. ಪ್ರೋಬಿನ ತುದಿಗೆ ಗಾಳಿಗುಳ್ಳೆ ಅಂಟಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ನೀರೊಳಗೆ ಮೆಲ್ಲಗೆ ಅಲುಗಾಡಿಸಿ, ಅಂಕಿ ನಿಂತ ಮೇಲೆ ಓದಿ. ನೀರಿನ ಆಮ್ಲೀಯತೆ ಅಳೆಯುವ ಪಿಎಚ್ ಪ್ರೋಬನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಬಹುದು, ಆದರೆ ಅದರಲ್ಲೇ ನೆನೆಹಾಕಿಟ್ಟರೆ ಕೆಡುತ್ತದೆ. ಅದಕ್ಕೆಂದೇ ಇರುವ ದ್ರಾವಣದಲ್ಲಿಡಿ.

ಹರಿವು, ಹುಳುಗಳು

ಹರಿವು ಅಳೆಯುವುದು ಮೇಲ್ಭಾಗದಲ್ಲಿ ಮಾತ್ರ. ಕೆಳಗೆ ಉಬ್ಬರ ಬಂದಾಗ ನೀರು ಹಿಂದಕ್ಕೇ ಹರಿಯುತ್ತದೆ. ನೇರವಾದ 10 ಮೀಟರ್ ಹರಿವಿನಲ್ಲಿ ಮುಕ್ಕಾಲು ನೀರು ತುಂಬಿದ ಪುಟ್ಟ ಬಾಟಲಿ ತೇಲಿಬಿಡಿ. ಖಾಲಿ ಬಾಟಲಿಯಾದರೆ ಗಾಳಿ ದೂಡುತ್ತದೆ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಹಳ್ಳದ ಅಗಲ 2 ಮೀಟರ್, ಐದಾರು ಕಡೆ ಅಳೆದ ಸರಾಸರಿ ಆಳ 0.25 ಮೀಟರ್, ಬಾಟಲಿಗೆ ಹಿಡಿದದ್ದು 20 ಸೆಕೆಂಡ್, ಅಂದರೆ ವೇಗ ಸೆಕೆಂಡಿಗೆ 0.5 ಮೀಟರ್ ಎಂದಿಟ್ಟುಕೊಳ್ಳಿ. 2 × 0.25 × 0.5 × 0.85 ಮಾಡಿದರೆ ಸೆಕೆಂಡಿಗೆ ಸುಮಾರು 0.212 ಘನ ಮೀಟರ್, ಅಂದರೆ 212 ಲೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನ, ಅದಕ್ಕೇ 0.85. ಮೊಣಕಾಲು ಮೀರಿ ರಭಸವಾಗಿ ಹರಿಯುತ್ತಿದ್ದರೆ ಇಳಿಯಲೇಬೇಡಿ.

ಕಲ್ಲುಗಳ ನಡುವೆ 500 ಮೈಕ್ರಾನ್ ಬಲೆ ಹಿಡಿದು, ಅದರ ಮುಂದೆ ಒಂದು ನಿಮಿಷ ಕಾಲಿನಿಂದ ತಳ ಕದಡಿ. ಬಂದದ್ದನ್ನು ಬಿಳಿ ತಟ್ಟೆಗೆ ಸುರಿದು ಎರಡು ನಿಮಿಷ ಸುಮ್ಮನೆ ಕಾಯಿರಿ. ಕಸವೆಂದು ಕಂಡದ್ದು ಹರಿದಾಡತೊಡಗುತ್ತದೆ. ಸಾಮಾನ್ಯವಾಗಿ ಮೂರು ಬಾಲದೆಳೆಗಳಿರುವುದು ಮೇಫ್ಲೈ ಮರಿ, ಎರಡಿದ್ದರೆ ಸ್ಟೋನ್‌ಫ್ಲೈ, ಮರಳ ಕಣ ಅಂಟಿಸಿಕೊಂಡ ಗೂಡಿನೊಳಗಿಂದ ತಲೆ ಹೊರಹಾಕುವುದು ಕ್ಯಾಡಿಸ್‌ಫ್ಲೈ. ಇವು ಇದ್ದರೆ ನೀರಿನ ಆರೋಗ್ಯ ಚೆನ್ನಾಗಿದೆ ಎಂದು ನಂಬಬಹುದು. ಅಳಿವೆಯ ಹತ್ತಿರ ಇವು ಸಿಗದಿದ್ದರೆ ಮಾಲಿನ್ಯವೆಂದು ಬರೆಯಬೇಡಿ, ಅದು ಉಪ್ಪಿನ ಕೆಲಸ. ಕೆಳಗಿನಿಂದ ಮೇಲಕ್ಕೆ ಸಾಗಿ; ಮೇಲಿನಿಂದ ಬಂದರೆ ನೀವೇ ಎಬ್ಬಿಸಿದ ಕೆಸರನ್ನು ಅಳೆಯುತ್ತೀರಿ.

ಜೌಗಿನಲ್ಲಿ

ಸೀಳು ತೂತುಗಳಿರುವ ಪಿವಿಸಿ ಪೈಪನ್ನು ನೆಲಕ್ಕಿಳಿಸಿ ನೀರಿನ ಮಟ್ಟ ನೋಡುತ್ತಾರೆ. ಪೈಪಿನ ಬಾಯಿಂದ ನೀರಿಗೆ 70 ಸೆಂ.ಮೀ., ನೆಲದಿಂದ ಮೇಲೆ ಪೈಪು 40 ಸೆಂ.ಮೀ. ಇದ್ದರೆ ನೀರು ಇರುವುದು ನೆಲದಿಂದ 30 ಸೆಂ.ಮೀ. ಕೆಳಗೆ. ಈ ಕಳೆಯುವ ಲೆಕ್ಕ ಮರೆಯುವವರೇ ಬಹಳ. ಒತ್ತಡದ ಸೆನ್ಸರ್ ಹಾಕಿದ್ದರೆ ಗಾಳಿಯ ಒತ್ತಡವನ್ನೂ ಕಳೆಯಬೇಕು: 1 ಹೆಕ್ಟೋಪಾಸ್ಕಲ್ ವ್ಯತ್ಯಾಸ ಎಂದರೆ 1 ಸೆಂ.ಮೀ. ನೀರು. ಗಿಡಗಳಿಗೆ 1 ಮೀಟರ್ ಚೌಕ ಹಾಕಿ, ಇಬ್ಬರು ಬೇರೆಬೇರೆಯಾಗಿ ಹಸಿರಿನ ಶೇಕಡಾವಾರು ಅಂದಾಜಿಸಿ ಆಮೇಲೆ ಹೋಲಿಸಲಿ. ಯಾವಾಗಲೂ ಚೌಕದ ಒಂದೇ ಪಕ್ಕದಲ್ಲಿ ನಿಲ್ಲಿ. ತುಳಿದ ಜೌಗು ಚೇತರಿಸಿಕೊಳ್ಳುವುದು ನಿಧಾನ.

ಊರವರ ಜೊತೆ

ಸ್ವಯಂಸೇವಕರನ್ನು ಜೋಡಿಯಾಗಿಯೇ ಕಳಿಸಿ. ಒಬ್ಬರು ಓದಲಿ, ಇನ್ನೊಬ್ಬರು ಗಟ್ಟಿಯಾಗಿ ಮರುನುಡಿದು ಬರೆದುಕೊಳ್ಳಲಿ. ಹತ್ತರಲ್ಲಿ ಒಂದು ಅಳತೆಯನ್ನು ಎರಡನೆಯ ಸಲ ತೆಗೆಯಬೇಕು. ಹಿಂತಿರುಗಿದ ಮೇಲೆ ಮೀಟರನ್ನು ಮತ್ತೆ ದ್ರಾವಣದಲ್ಲಿಟ್ಟು ನೋಡಿ. ಅಂಕಿ ತಪ್ಪಿದ್ದರೆ ಆ ದಿನದ ಅಳತೆಗಳಿಗೆ ‘ಅನುಮಾನ’ ಎಂದು ಗುರುತು ಹಾಕಿ, ಅಳಿಸಬೇಡಿ.

ಹಾಳೆಯಲ್ಲಿ ‘ಕಂಡದ್ದು’ ಎಂಬ ಕಾಲಮ್ ಇಡಿ. ಬಲೆ ಬೀಸುವವರು, ಚಿಪ್ಪು ಆಯುವವರು ದಿನವೂ ಆ ನೀರಿನಲ್ಲೇ ಇರುವವರು. ಮೀನು ಬಾಯಿ ಮೇಲೆತ್ತಿ ಉಸಿರಿಗೆ ಪರದಾಡಿದ ದಿನ, ನೀರಿನ ವಾಸನೆ ಬದಲಾದ ದಿನ ಅವರಿಗೆ ಗೊತ್ತಿರುತ್ತದೆ, ಹದಿನೈದು ದಿನಕ್ಕೊಮ್ಮೆ ಬರುವ ಮೀಟರ್‌ಗೆ ಗೊತ್ತಿರುವುದಿಲ್ಲ. ಫಲಿತಾಂಶವನ್ನು ಅದೇ ತಿಂಗಳು ಅವರಿಗೆ ತಲುಪಿಸಿ. ಬಾಗಿಲ ಬಳಿಯ ಫಲಕದಲ್ಲಿ ಮೂರೇ ಅಂಕಿ ಇರಲಿ, ಪ್ರತಿಯೊಂದರ ಕೆಳಗೆ ಅದರ ಅರ್ಥ ಒಂದು ಸಾಲಿನಲ್ಲಿರಲಿ. ಹಕ್ಕಿಗೂಡುಗಳ ಜಾಗ ಮಾತ್ರ ಫಲಕದಲ್ಲಿ ಬೇಡ. ಕೆಟ್ಟ ಅಂಕಿ ಬಂದರೆ ಅಂದೇ ಮತ್ತೆ ಅಳೆದು, ಉಬ್ಬರದ ಹಂತ ನೋಡಿ, ಆಮೇಲೆ ಮಾತಾಡಿ.

ಹೊರಡುವ ಮುನ್ನ ಬೂಟು, ಬಲೆಗಳನ್ನು ಉಜ್ಜಿ ತೊಳೆದು ಪೂರ್ತಿ ಒಣಗಿಸಿ. ಒಂದು ಹಳ್ಳದ ಕಳೆಬೀಜ, ಬಸವನಹುಳು ಇನ್ನೊಂದಕ್ಕೆ ದಾಟುವುದು ಕೆಸರು ಮೆತ್ತಿದ ಬೂಟಿನ ಅಡಿಯಲ್ಲಿಯೇ.