ಮಂಡ್ಯ–ಮೈಸೂರು ಅಪ್ ಅಂಡ್ ಡೌನ್: ನನ್ನ ಮೊದಲ ವರ್ಷದ ಬಿಎಸ್ಸಿ

ನಮ್ಮ ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ ಆರು ಗಂಟೆಗೆ ಡೈರಿಗೆ ಹಾಲು ಹಾಕುವುದು ಎಂಟನೇ ಕ್ಲಾಸಿನಿಂದಲೂ ನನ್ನ ಕೆಲಸ. ಮೈಸೂರಿನಲ್ಲಿ ಬಿಎಸ್ಸಿಗೆ ಸೀಟು ಸಿಕ್ಕಿತು ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಹಾಲು ಯಾರು ಹಾಕ್ತಾರೆ?" ಹಾಸ್ಟೆಲ್ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ. ಆ ಪ್ರಶ್ನೆಗೂ ಅಲ್ಲೇ ಉತ್ತರ ಸಿಕ್ಕಿತು. ಹಾಲು ಹಾಕಿ, ಸ್ನಾನ ಮಾಡಿ, ಏಳಕ್ಕೆ ಅಪ್ಪನ ಟಿವಿಎಸ್ ಹತ್ತಿ ಮಂಡ್ಯ ಸ್ಟೇಷನ್ನಿಗೆ. ಅಲ್ಲಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಸಂಜೆ ಅದೇ ದಾರಿಯಲ್ಲಿ ವಾಪಸ್.

ಇದಕ್ಕೆ ನಮ್ಮ ಕಡೆ ಅಪ್ ಅಂಡ್ ಡೌನ್ ಮಾಡೋದು ಅಂತಾರೆ. 2024ರ ಮಳೆಗಾಲದಲ್ಲಿ ಶುರು ಮಾಡಿದೆ. ಒಂದು ವರ್ಷ ಆಯಿತು.

ಬಸ್ಸೋ ರೈಲೋ ಅನ್ನೋದೇ ಮೊದಲ ತಲೆಬಿಸಿ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಫ್ರೀ. ಆಧಾರ್ ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿ ಟಿಕೆಟ್ ಹರಿದು ಕೊಡುತ್ತಾರೆ. ಮೊದಲ ಹದಿನೈದು ದಿನ ಬಸ್ಸಿನಲ್ಲೇ ಹೋದೆ. ಬೆಳಿಗ್ಗೆ ಹೊತ್ತು ಬಸ್ ಮಂಡ್ಯಕ್ಕೆ ಬರುವಾಗಲೇ ತುಂಬಿರುತ್ತದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಬ್ಯಾಗು. ಪುಸ್ತಕ ತೆಗೆಯುವ ಮಾತೇ ಇಲ್ಲ. ಆಮೇಲೆ ಯಾರೋ ಹೇಳಿದರು, ಹುಡುಗಿಯರಿಗೆ ಡಿಗ್ರಿ ಮುಗಿಯುವವರೆಗೆ ಮನೆಯಿಂದ ಕಾಲೇಜಿಗೆ ರೈಲ್ವೆಯ ಸೆಕೆಂಡ್ ಕ್ಲಾಸ್ ಸೀಸನ್ ಪಾಸ್ ಫ್ರೀ ಅಂತ. ನಾನು ನಂಬಲಿಲ್ಲ. ನಿಜವೇ. ಕಾಲೇಜಿನಿಂದ ಕನ್ಸೆಷನ್ ಫಾರಂ ತುಂಬಿಸಿ, ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿಕೊಂಡು ಹೋಗಿ ಕೌಂಟರಿನಲ್ಲಿ ಕೊಟ್ಟರೆ ಪಾಸ್ ಆಗುತ್ತದೆ. ಹುಡುಗರಿಗೆ ಈ ಸವಲತ್ತು ಪಿಯುಸಿಗೇ ಮುಗಿಯುತ್ತದೆ. ನಮ್ಮ ಕ್ಲಾಸಿನ ಒಬ್ಬ ಹುಡುಗ ಅದೇ ಗಾಡಿಗೆ ಬರುತ್ತಾನೆ, ಅವನದು ವಿದ್ಯಾರ್ಥಿ ರಿಯಾಯಿತಿಯ ಪಾಸು. "ನಿಮಗೆ ಬಸ್ಸೂ ಫ್ರೀ, ರೈಲೂ ಫ್ರೀ" ಅಂತ ತಿಂಗಳಿಗೊಂದು ಸಲ, ಪಾಸ್ ಮಾಡಿಸುವ ದಿನ ತಪ್ಪದೆ ಗೊಣಗುತ್ತಾನೆ.

ರೈಲಿಗೆ ಬದಲಾಯಿಸಿದ್ದು ಕಾಸಿಗಲ್ಲ, ಹೊತ್ತಿಗೆ. ದಿನಕ್ಕೆ ಎರಡು ಗಂಟೆ ಗಾಡಿಯಲ್ಲೇ ಕಳೆಯುತ್ತೆ. ಅದರಲ್ಲಿ ಓದಿಬಿಟ್ಟರೆ ಮನೆಗೆ ಬಂದು ಆರಾಮಾಗಿ ಇರಬಹುದು ಅನ್ನೋದು ನನ್ನ ಲೆಕ್ಕ. ಲೆಕ್ಕ ಚೆನ್ನಾಗಿತ್ತು, ಮಾಡಿದ ರೀತಿ ತಪ್ಪಾಗಿತ್ತು.

ಮೊದಲು ಲ್ಯಾಬ್ ರೆಕಾರ್ಡ್ ಬರೆಯಲು ಹೋದೆ. ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಕೆಮಿಸ್ಟ್ರಿ ರೆಕಾರ್ಡ್. ಯಲಿಯೂರು ದಾಟುವಷ್ಟರಲ್ಲಿ ನಾನು ಬರೆದ ಬ್ಯೂರೆಟ್ (ದ್ರಾವಣ ಅಳೆಯುವ ಉದ್ದನೆಯ ಗಾಜಿನ ಕೊಳವೆ) ಚಿತ್ರ ಪಡವಲಕಾಯಿ ಥರ ಸೊಟ್ಟಗಾಗಿತ್ತು. ಸರ್ ಪುಟದ ಮೇಲೆ ಅಡ್ಡ ಗೆರೆ ಎಳೆದು, "ಭೂಕಂಪ ಆಗಿತ್ತೇನಮ್ಮ?" ಅಂದರು. ಮತ್ತೆ ಬರೆದೆ. ಆಮೇಲೆ ಗಣಿತದ ಲೆಕ್ಕ ಮಾಡಲು ನೋಡಿದೆ. ಅದೂ ಆಗಲಿಲ್ಲ. ಲೆಕ್ಕ ಅರ್ಧಕ್ಕೆ ಬಂದಿರುತ್ತದೆ, ಪಾಂಡವಪುರದಲ್ಲಿ ಜನ ನುಗ್ಗುತ್ತಾರೆ, ಯಾವುದೋ ಅಜ್ಜಿಗೆ ಸೀಟು ಬಿಡಬೇಕು, ಎದ್ದು ನಿಂತರೆ ಮೈನಸ್ ಎಲ್ಲಿ ಹೋಯಿತೋ ಗೊತ್ತಿಲ್ಲ.

ಒಂದೂವರೆ ತಿಂಗಳು ಹೀಗೆ ಒದ್ದಾಡಿದ ಮೇಲೆ ಒಂದು ಹದಕ್ಕೆ ಬಂತು. ಬೆಳಿಗ್ಗೆ ಗಾಡಿಯಲ್ಲಿ ಹೆಚ್ಚಿನ ದಿನ ನಿಂತೇ ಇರಬೇಕು, ಹಾಗಾಗಿ ಅಂಗೈಯಗಲದ ಒಂದು ನೋಟ್‌ಬುಕ್ ಮಾತ್ರ. ಅದರಲ್ಲಿ ಸೂತ್ರ, ಡೆಫಿನಿಷನ್, ಅಷ್ಟೇ. ಸಂಜೆ ಸೀಟು ಸಿಕ್ಕರೆ ಅವತ್ತಿನ ನೋಟ್ಸ್ ಒಮ್ಮೆ ಓದುವುದು, ಸಿಗದಿದ್ದರೆ ಇಲ್ಲ. ಲೆಕ್ಕ ಮಾಡುವುದು ಮನೆಯಲ್ಲಿ, ರಾತ್ರಿ ಊಟಕ್ಕೆ ಮುಂಚೆ. ಊಟ ಆದ ಮೇಲೆ ನನಗೆ ತಲೆ ಓಡುವುದಿಲ್ಲ, ಮುದ್ದೆ ತಿಂದವರಿಗೆ ಗೊತ್ತಿರುತ್ತೆ. ರೆಕಾರ್ಡ್ ಮಾತ್ರ ಕಾಲೇಜು ಲೈಬ್ರರಿಯಲ್ಲಿ, ಮಧ್ಯಾಹ್ನದ ಖಾಲಿ ಪೀರಿಯಡ್‌ನಲ್ಲೇ ಮುಗಿಸಿ ಏಳಬೇಕು. ಮನೆಗೆ ರೆಕಾರ್ಡ್ ತರುವುದನ್ನೇ ಬಿಟ್ಟೆ. ಇದೊಂದೇ ಬದಲಾವಣೆಯಿಂದ ನನ್ನ ಬ್ಯಾಗಿನ ಭಾರವೂ ಇಳಿಯಿತು.

ಇಂಗ್ಲಿಷ್ ವಿಷಯಕ್ಕೆ ಬರುತ್ತೇನೆ. ನಾನು ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಪುಸ್ತಕ ಇಂಗ್ಲಿಷಿನಲ್ಲೇ ಇತ್ತು, ಆದರೆ ನಮ್ಮ ಲೆಕ್ಚರರ್ ಪಾಠ ಮಾಡಿದ್ದು ಕನ್ನಡದಲ್ಲಿ. "ಈ ಎಲೆಕ್ಟ್ರಾನ್ ಇದೆಯಲ್ಲ, ಇದು ಇಲ್ಲಿಂದ ಇಲ್ಲಿಗೆ ನೆಗೆಯುತ್ತೆ" ಅನ್ನುವ ಪಾಠ. ಮೈಸೂರಿಗೆ ಬಂದರೆ ಪೂರ್ತಿ ಇಂಗ್ಲಿಷ್, ಅದೂ ಓಡುವ ಇಂಗ್ಲಿಷ್. ಪದ ಗೊತ್ತು, ವಾಕ್ಯ ಸಿಗುವುದಿಲ್ಲ. ಕಿವಿಗೆ ಬಿದ್ದದ್ದನ್ನು ಹುಡುಕೋಣ ಅಂದರೆ ಸ್ಪೆಲ್ಲಿಂಗ್ ಗೊತ್ತಿಲ್ಲ. ಗಣಿತದಲ್ಲಿ ಲೈಬ್ನಿಜ್ ಪ್ರಮೇಯ ಬಂತು. ಪುಸ್ತಕದ ಹಿಂದಿನ ಇಂಡೆಕ್ಸ್‌ನಲ್ಲಿ 'ಎಲ್ ಐ' ನೋಡಿದೆ, 'ಎಲ್ ಎ' ನೋಡಿದೆ, ಇಲ್ಲ. 'ಎಲ್ ಇ ಐ' ಅಂತ ಇರುತ್ತೆ ಅಂತ ಯಾರಿಗೆ ಹೊಳೆಯುತ್ತೆ? ಕೆಮಿಸ್ಟ್ರಿಯಲ್ಲಿ ಇನ್ನೂ ಮಜಾ. ಪಿಯುಸಿಯಲ್ಲಿ ನಮಗೆ ಹೇಳಿಕೊಟ್ಟಿದ್ದು ಡಿ ಬ್ರೋಗ್ಲಿ. ಇಲ್ಲಿ ಮೇಡಂ 'ಡಿ ಬ್ರಾಯ್' ಅನ್ನುತ್ತಿದ್ದರು. ಬ್ರೋಗ್ಲಿ ಒಬ್ಬ, ಬ್ರಾಯ್ ಇನ್ನೊಬ್ಬ, ಇಬ್ಬರೂ ಒಂದೇ ಸೂತ್ರ ಕಂಡುಹಿಡಿದಿದ್ದಾರೆ ಅಂದುಕೊಂಡು ಎರಡು ವಾರ ಕಳೆದಿದ್ದೇನೆ.

ಇದಕ್ಕೆ ನಾನು ಕಂಡುಕೊಂಡ ದಾರಿ ಅಂದರೆ ಎರಡು ಪುಟದ ನೋಟ್ಸ್. ಎಡಗಡೆ ಪುಟದಲ್ಲಿ ಕ್ಲಾಸಿನಲ್ಲಿ ಕೇಳಿದ್ದು ಕೇಳಿದ ಹಾಗೇ, ಇಂಗ್ಲಿಷ್ ಪದವೂ ಕನ್ನಡ ಅಕ್ಷರದಲ್ಲೇ. ಹಾಗೆ ಬರೆದರೆ ಕೈ ಓಡುತ್ತದೆ, ಸ್ಪೆಲ್ಲಿಂಗ್‌ಗೆ ತಡವರಿಸುವುದಿಲ್ಲ. ಬಲಗಡೆ ಪುಟ ಖಾಲಿ. ಪುಸ್ತಕ ನೋಡಿ ಅಲ್ಲಿ ಸರಿಯಾದ ಇಂಗ್ಲಿಷ್ ಬರೆಯುವುದು ಆಮೇಲೆ. ಪಕ್ಕದ ಹುಡುಗಿ ಒಮ್ಮೆ ಎಡಪುಟ ನೋಡಿ ನಕ್ಕಳು. ನಾನೂ ನಕ್ಕೆ. ಪರೀಕ್ಷೆ ಹತ್ತಿರ ಬಂದಾಗ ಅವಳೇ ಫೋಟೋ ತೆಗೆದುಕೊಂಡಳು, ಏಕೆಂದರೆ ಮೇಡಂ ಹೇಳಿದ ಉದಾಹರಣೆಗಳೆಲ್ಲ ನನ್ನ ಹತ್ತಿರ ಮಾತ್ರ ಇದ್ದವು. ಬಲಪುಟ ಎಲ್ಲಾ ಸಲ ತುಂಬಿದೆ ಅಂತ ಹೇಳಲ್ಲ. ಫಿಸಿಕ್ಸ್ ನೋಟ್‌ಬುಕ್‌ನಲ್ಲಿ ಅರ್ಧ ಖಾಲಿಯೇ ಇದೆ.

ಸೀನಿಯರ್‌ಗಳ ನೋಟ್ಸ್ ನಮಗೆ ಅರ್ಧಂಬರ್ಧ ಉಪಯೋಗ. ರಾಜ್ಯದಲ್ಲಿ 2021ರಲ್ಲಿ ಬಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿಯಲ್ಲಿ ಅವರು ಸೇರಿದವರು. ನಾವು ಸೇರುವ ಹೊತ್ತಿಗೆ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದಿತ್ತು. ಸಿಲಬಸ್ ಹೊಸದು. ಹಳೆಯ ಪ್ರಶ್ನೆಪತ್ರಿಕೆ ಹುಡುಕುವ ಕೆಲಸವೇ ಇಲ್ಲ, ಇದ್ದರೆ ತಾನೇ? ಮೊದಲ ಟೆಸ್ಟಿಗೆ ಯಾರಿಗೂ ಪ್ರಶ್ನೆ ಹೇಗೆ ಬರುತ್ತೆ ಅಂತ ಅಂದಾಜಿರಲಿಲ್ಲ. ಕೆಮಿಸ್ಟ್ರಿಯಲ್ಲಿ ನನಗೆ 20ಕ್ಕೆ 7 ಬಂತು. ಮನೆಯಲ್ಲಿ ಹೇಳಲಿಲ್ಲ.

ಲ್ಯಾಬ್ ಮಾತ್ರ ನನಗೆ ಮೊದಲಿನಿಂದಲೂ ಇಷ್ಟ. ಕಾರಣ ಡೈರಿ ಅಂದರೆ ನಗಬೇಡಿ. ನಮ್ಮೂರ ಡೈರಿಯಲ್ಲಿ ಕ್ಯಾನಿನ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತಾರೆ. ನೀರು ಬೆರೆಸಿದ ಹಾಲಾದರೆ ಅದು ಆಳಕ್ಕೆ ಇಳಿಯುತ್ತದೆ, ಗಟ್ಟಿ ಹಾಲಾದರೆ ಮೇಲೆ ನಿಲ್ಲುತ್ತದೆ. ರೀಡಿಂಗ್ ನೋಡುವಾಗ ಕಣ್ಣು ಅದೇ ಮಟ್ಟಕ್ಕೆ ಬಗ್ಗಬೇಕು. ನಿಂತುಕೊಂಡು ನೋಡಿದರೆ ಒಂದು ಗೆರೆ ಹೆಚ್ಚುಕಮ್ಮಿ, ಆಮೇಲೆ ಸೆಕ್ರೆಟರಿ ಜೊತೆ ಜಗಳ. ಆರು ವರ್ಷದಿಂದ ನಾನು ಬಗ್ಗಿ ನೋಡುತ್ತಿದ್ದೇನೆ. ಹಾಗಾಗಿ ಬ್ಯೂರೆಟ್ ರೀಡಿಂಗ್ ನನಗೆ ಹೊಸದಾಗಿರಲಿಲ್ಲ.

ಪೊಟ್ಯಾಷಿಯಂ ಪರ್ಮಾಂಗನೇಟ್ ಟೈಟ್ರೇಷನ್ ದಿನ ಸರ್ ಒಂದು ಪ್ರಶ್ನೆ ಕೇಳಿದರು. ಬ್ಯೂರೆಟ್‌ನಲ್ಲಿ ಬೇರೆ ದ್ರಾವಣಕ್ಕೆಲ್ಲ ಮೇಲ್ಮೈಯ ಕೆಳಗಿನ ಬಾಗು ನೋಡುತ್ತೀರಿ, ಇದಕ್ಕೆ ಮಾತ್ರ ಮೇಲಿನ ಅಂಚು ಯಾಕೆ? ಎಲ್ಲರೂ ಸುಮ್ಮನೆ ಇದ್ದರು. ನಾನು ಕನ್ನಡದಲ್ಲೇ ಅಂದೆ, "ಸರ್, ಬಣ್ಣ ಗಾಢ ಇದೆ, ಕೆಳಗಿನ ಬಾಗು ಕಾಣಲ್ಲ. ಹಾಲಿನಲ್ಲೂ ಹಾಗೇ, ಮೇಲಿನ ಅಂಚೇ ನೋಡಬೇಕು." ಸರ್ ಒಂದು ಕ್ಷಣ ನನ್ನನ್ನೇ ನೋಡಿದರು. "ಹಾಲಿನಲ್ಲಿ ಯಾಕಮ್ಮ ನೋಡ್ತೀಯ ನೀನು?" ಅಂತ ಅವರೂ ಕನ್ನಡದಲ್ಲೇ ಕೇಳಿದರು. ಹೇಳಿದೆ. ಅವತ್ತಿನಿಂದ ಅರ್ಥವಾಗದ್ದನ್ನು ಕನ್ನಡದಲ್ಲಿ ಕೇಳಲು ಹಿಂಜರಿಯಲಿಲ್ಲ. ಅವರು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ಪರವಾಗಿಲ್ಲ, ಪ್ರಶ್ನೆ ನನ್ನದು ತಾನೇ.

ಊಟದ ವಿಷಯ ಚಿಕ್ಕದು. ಮುದ್ದೆ ಡಬ್ಬಿಗೆ ಆಗುವುದಿಲ್ಲ, ಮಧ್ಯಾಹ್ನಕ್ಕೆ ಕಲ್ಲಾಗಿರುತ್ತೆ. ಉಪ್ಸಾರು ಸೋರುತ್ತೆ, ಒಂದು ಸಲ ಗಣಿತದ ಪುಸ್ತಕ ಪೂರ್ತಿ ಉಪ್ಸಾರಿನ ವಾಸನೆ. ಚಿತ್ರಾನ್ನ, ಪಲಾವ್, ಚಪಾತಿ ಅಂತ ಸರದಿ. ಡಬ್ಬಿ ಇಲ್ಲದ ದಿನ ಇಂದಿರಾ ಕ್ಯಾಂಟೀನ್, 10 ರೂಪಾಯಿಗೆ ಊಟ.

ಮೊದಲ ತಿಂಗಳು ಒಬ್ಬಳೇ ತಿನ್ನುತ್ತಿದ್ದೆ. ಹಾಸ್ಟೆಲಿನವರು ಒಂದು ಗುಂಪು, ಮೈಸೂರಿನವರು ಇನ್ನೊಂದು. ಅವರೆಲ್ಲ ಸಂಜೆ ಸೇರುತ್ತಾರೆ, ಮಾತು ಬೆಳೆಯುತ್ತದೆ, ಮರುದಿನದ ನಗು ಹಿಂದಿನ ಸಂಜೆಯದು. ನಾನು ನಾಲ್ಕೂವರೆಗೆ ಸ್ಟೇಷನ್ ಕಡೆ ಓಡುವವಳು. ಸ್ಟೇಷನ್ನಿಗೆ ನಡೆದು ಇಪ್ಪತ್ತು ನಿಮಿಷ. ದಸರಾ ದೀಪಾಲಂಕಾರವನ್ನು ನಮ್ಮ ಕ್ಲಾಸಿನವರೆಲ್ಲ ಒಟ್ಟಿಗೆ ಹೋಗಿ ನೋಡಿದರು, ನಾನು ಅವರ ಸ್ಟೇಟಸ್‌ನಲ್ಲಿ ನೋಡಿದೆ. ಇದಕ್ಕೆ ಉಪಾಯ ಏನೂ ಸಿಗಲಿಲ್ಲ, ಸುಳ್ಳು ಹೇಳಲ್ಲ. ಲ್ಯಾಬ್ ಪಾರ್ಟ್‌ನರ್ ಚಾಮರಾಜನಗರ ಕಡೆಯ ಹುಡುಗಿ, ಅವಳ ಜೊತೆ ಮಾತ್ರ ಗಟ್ಟಿ ಸ್ನೇಹ ಆಯಿತು.

ಆದರೆ ಗಾಡಿಯಲ್ಲಿ ನನಗೊಂದು ಗುಂಪು ಇದೆ. ಹೂ ಕಟ್ಟುತ್ತಾ ಬರುವ ಅಕ್ಕ, ಗಾರೆ ಕೆಲಸದವರು, ಬ್ಯಾಂಕಿನ ಮೇಡಂ ಒಬ್ಬರು, ಇಬ್ಬರು ಮೇಷ್ಟ್ರು. ಶ್ರೀರಂಗಪಟ್ಟಣದ ಹತ್ತಿರ ಎರಡು ಸಲ ಕಾವೇರಿ ದಾಟುವಾಗ ಎಲ್ಲರೂ ಕಿಟಕಿ ಕಡೆ ತಿರುಗುತ್ತಾರೆ. ನಾನು ಸೇರಿದ ವರ್ಷ ಕೆಆರ್‌ಎಸ್ 124.80 ಅಡಿ ತುಂಬಿ, ಹೊಳೆ ಕೆಂಪಗೆ ದಡ ಮುಟ್ಟಿ ಹರಿಯುತ್ತಿತ್ತು. ಅದರ ಹಿಂದಿನ ವರ್ಷ ನೀರಿಲ್ಲದೆ ನಮ್ಮ ಕಡೆ ಚಳವಳಿ. ಹಾಗಾಗಿ ನೀರು ನೋಡಿದರೆ ಮಂಡ್ಯದವರಿಗೆ ಮಾತು ಬಂದೇ ಬರುತ್ತೆ. ಮೇಷ್ಟ್ರೊಬ್ಬರು ಹಳಿ ಪಕ್ಕದ ಟಿಪ್ಪು ಕಾಲದ ಮದ್ದಿನಮನೆ ತೋರಿಸಿ, ಜೋಡಿ ಹಳಿಗೆ ಅಡ್ಡ ಇತ್ತು ಅಂತ 2017ರಲ್ಲಿ ಇಡೀ ಕಟ್ಟಡವನ್ನೇ ಎತ್ತಿ ಸರಿಸಿದ ಕಥೆ ಹೇಳಿದರು. ಒಡೆಯಲಿಲ್ಲ, ಹಾಗೇ ಜಾರಿಸಿದರಂತೆ. ಫಿಸಿಕ್ಸ್ ಕ್ಲಾಸಿನಲ್ಲಿ ಘರ್ಷಣೆ ಪಾಠ ಬಂದಾಗ ನನಗೆ ಅದೇ ನೆನಪಾಯಿತು.

ನನ್ನ ಸ್ಕಾಲರ್‌ಶಿಪ್ ಸಿಕ್ಕಿದ್ದೂ ಈ ಗಾಡಿಯಿಂದಲೇ. ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ವೆಬ್‌ಸೈಟಿನಲ್ಲಿ, ಅರ್ಜಿ ಹಾಕಿದ್ದೆ. ಜಾತಿ-ಆದಾಯ ಪತ್ರದ ಆರ್‌ಡಿ ನಂಬರು, ಕಾಲೇಜಿನಲ್ಲಿ ಇ-ಅಟೆಸ್ಟೇಷನ್, ಎಲ್ಲಾ ಮುಗಿದಿತ್ತು. ದುಡ್ಡು ಹಾಕಲಾಗಿದೆ ಅಂತ ಅಲ್ಲಿ ತೋರಿಸುತ್ತಿತ್ತು, ನನ್ನ ಖಾತೆಗೆ ಬಂದಿರಲಿಲ್ಲ. ಬ್ಯಾಂಕಿಗೆ ಮೂರು ಸಲ ಹೋದೆ. ಮೂರು ಸಲವೂ "ಆಧಾರ್ ಲಿಂಕ್ ಆಗಿದೆ, ಹೋಗಿ" ಅಂದರು. ಗಾಡಿಯ ಬ್ಯಾಂಕ್ ಮೇಡಂಗೆ ಹೇಳಿಕೊಂಡೆ. ಅವರು ಅಲ್ಲೇ ನನ್ನ ಮೊಬೈಲ್ ತೆಗೆದುಕೊಂಡು ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ತೆಗೆದರು. "ಲಿಂಕ್ ಬೇರೆ, ಸೀಡಿಂಗ್ ಬೇರೆ ಕಣಮ್ಮ. ಎಷ್ಟೇ ಖಾತೆಗೆ ಆಧಾರ್ ಕೊಟ್ಟಿದ್ರೂ ಸರ್ಕಾರದ ದುಡ್ಡು ಬರೋದು ಒಂದಕ್ಕೇ" ಅಂದರು. ಅಲ್ಲಿ ತೋರಿಸುತ್ತಿದ್ದದ್ದು ಹೈಸ್ಕೂಲಿನಲ್ಲಿ ಮಾಡಿಸಿದ, ನಾನು ಮರೆತೇಬಿಟ್ಟಿದ್ದ ಇನ್ನೊಂದು ಖಾತೆ. ಹಳೇ ಪಾಸ್‌ಬುಕ್ ಅಟ್ಟದ ಮೇಲಿನ ಟ್ರಂಕಿನಲ್ಲಿತ್ತು. ದುಡ್ಡು ಅದರಲ್ಲಿ ತಣ್ಣಗೆ ಕೂತಿತ್ತು.

ಹಾಜರಿ 75 ಪರ್ಸೆಂಟ್ ಬೇಕು. ಗಾಡಿ ಲೇಟಾದರೆ ಮೊದಲ ಪೀರಿಯಡ್ ಹೋಗುತ್ತದೆ. ಸಿಗ್ನಲ್‌ಗೆ ಅಂತ ನಾಗನಹಳ್ಳಿಯಲ್ಲಿ ನಿಂತರೆ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತೇವೆ, ನಾವು ನಿಂತರೆ ಗಾಡಿ ಬೇಗ ಹೊರಡುತ್ತೆ ಅನ್ನೋ ಹಾಗೆ. ಮೊದಲ ಪೀರಿಯಡ್ ತಪ್ಪಿದ್ದನ್ನೆಲ್ಲ ಪುಟ್ಟ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಸಬ್ಜೆಕ್ಟ್ ಪ್ರಕಾರ ಗೆರೆ ಹಾಕಿ ಲೆಕ್ಕ ಇಟ್ಟೆ. ಗಣಿತದಲ್ಲಿ ಗೆರೆ ಜಾಸ್ತಿ ಆಗಿದ್ದು ಡಿಸೆಂಬರ್‌ನಲ್ಲೇ ಗೊತ್ತಾಯಿತು, ಆಮೇಲೆ ಆ ಪೀರಿಯಡ್ ಇರುವ ದಿನ ಬೆಳಿಗ್ಗೆ ಇನ್ನೂ ಮುಂಚಿನ ಗಾಡಿ. ಅಂದರೆ ಹಾಲು ಹಾಕಲು ನಾನಿಲ್ಲ.

ವಾರಕ್ಕೆ ಎರಡು ದಿನ ಅಂತ ತಮ್ಮನಿಗೆ ಹೇಳಿ ಒಪ್ಪಿಸಿದ್ದು ಆಗ. ಒಂಬತ್ತನೇ ಕ್ಲಾಸು, ಏಳುವುದೇ ಏಳು ಗಂಟೆಗೆ. ಸ್ಕಾಲರ್‌ಶಿಪ್ ಬಂದ ಮೇಲೆ ಕ್ರಿಕೆಟ್ ಬ್ಯಾಟ್ ಕೊಡಿಸುತ್ತೇನೆ ಅಂದೆ, ಕೊಡಿಸಿದೆ. ಎರಡನೇ ಸೆಮಿಸ್ಟರ್ ಪರೀಕ್ಷೆ ಹೊತ್ತಿಗೆ ಎರಡು ದಿನ ಹೋಗಿ ಆರು ದಿನ ಆಯಿತು. ಕೆಮಿಸ್ಟ್ರಿ ಟೆಸ್ಟಿನಲ್ಲಿ ಈಗ ನನಗೆ 20ಕ್ಕೆ 15 ಬರುತ್ತದೆ, ಇದನ್ನು ಮನೆಯಲ್ಲಿ ಹೇಳಿದ್ದೇನೆ. ಆದರೆ ಅವನು ಹೋದ ದಿನ ಹಾಲಿನ ರೀಡಿಂಗ್ ಕಮ್ಮಿ ಬರುತ್ತೆ ಅಂತ ಅಮ್ಮನಿಗೆ ಅನುಮಾನ. ಹಸು ಅದೇ, ಮೇವು ಅದೇ. ನಿಂತುಕೊಂಡೇ ನೋಡುತ್ತಾನೆ, ಬಗ್ಗಲ್ಲ. ಭಾನುವಾರ ಜೊತೆಗೆ ಕರೆದುಕೊಂಡು ಹೋಗಿ ತೋರಿಸಬೇಕು.