ಸಿಗಾರ್ ಪೆಟ್ಟಿಗೆಯ ಮೂರು ತಂತಿ ಗಿಟಾರ್: ನಾನು ಕಟ್ಟುವ ಬಗೆ

ಪೆಟ್ಟಿಗೆ ಕೈಗೆ ಬಂದ ಕೂಡಲೇ ನಾನು ನೋಡುವುದು ಮುಚ್ಚಳವನ್ನು. ಗಿಟಾರಿನ ದನಿ ಹುಟ್ಟುವುದೇ ಅಲ್ಲಿ. ಬೆರಳ ಗೆಣ್ಣಿನಿಂದ ತಟ್ಟಬೇಕು. 3 ಮಿ.ಮೀ. ಆಸುಪಾಸಿನ ಮರದ ಹಲಗೆಯೋ ಪ್ಲೈವುಡ್ಡೋ ಆದರೆ ತಟ್ಟಿದ ಮೇಲೂ ಸದ್ದು ಕ್ಷಣಹೊತ್ತು ನಿಲ್ಲುತ್ತದೆ. ಕಾಗದ ಸುತ್ತಿದ ದಪ್ಪ ಎಂಡಿಎಫ್ (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಆದರೆ ‘ದಬ್’ ಅಂದು ಅಲ್ಲೇ ಸಾಯುತ್ತದೆ. ಅಂಥದ್ದನ್ನು ಪಿಕಪ್ (ನಡುಕವನ್ನು ವಿದ್ಯುತ್ತಾಗಿ ಮಾಡುವ ಸಾಧನ) ಹಾಕಿ ಆಂಪ್ಲಿಫೈಯರಿಗೆ ಜೋಡಿಸುವ ಗಿಟಾರಿಗೆ ಎತ್ತಿಡಿ. ಸಿಗಾರ್ ಪೆಟ್ಟಿಗೆ ಸಿಗದಿದ್ದರೆ ಯಾವ ತೆಳು ಮರದ ಪೆಟ್ಟಿಗೆಯಾದರೂ ಸರಿ. ಉದ್ದ 230, ಅಗಲ 165, ಆಳ 45 ಮಿ.ಮೀ. ಇದ್ದರೆ ತೊಡೆಯ ಮೇಲೆ ಚೆನ್ನಾಗಿ ಕೂರುತ್ತದೆ.

ಇದು 19ನೇ ಶತಮಾನದ ಅಮೆರಿಕದಲ್ಲಿ, ವಾದ್ಯ ಕೊಳ್ಳಲು ಕಾಸಿಲ್ಲದವರ ಕೈಯಲ್ಲಿ ಬೆಳೆದ ವಾದ್ಯ. ಅಂತರ್ಯುದ್ಧದ ಸೈನಿಕನೊಬ್ಬ ಸಿಗಾರ್ ಪೆಟ್ಟಿಗೆಯ ಪಿಟೀಲು ನುಡಿಸುತ್ತಿರುವುದನ್ನು ಎಡ್ವಿನ್ ಫೋರ್ಬ್ಸ್ 1876ರ ತನ್ನ ಎಚಿಂಗ್ ಚಿತ್ರದಲ್ಲಿ ತೋರಿಸಿದ್ದಾನೆ. ಹಾಗಾಗಿ ‘ಹೀಗೇ ಇರಬೇಕು’ ಎಂಬ ಶಾಸ್ತ್ರ ಇದಕ್ಕಿಲ್ಲ. ಆದರೆ ಎರಡು ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ: ಮುಚ್ಚಳ ನಡುಗಲು ಬಿಡುವಿರಬೇಕು, ಫ್ರೆಟ್‌ಗಳ (ಸ್ವರದ ಜಾಗ ತೋರುವ ಅಡ್ಡ ಲೋಹದ ಸರಿಗೆಗಳ) ಅಳತೆ ಕರಾರುವಾಕ್ಕಾಗಿರಬೇಕು. ಮಿಕ್ಕಿದ್ದು ಸೊಟ್ಟಗಿದ್ದರೂ ನಡೆಯುತ್ತದೆ.

ಗಿಟಾರಿನ ಕತ್ತು, ಅಂದರೆ ಪೆಟ್ಟಿಗೆಯೊಳಗಿಂದ ಹಾದು ಹೊರಚಾಚುವ ಕೋಲು: ಅದಕ್ಕೆ 38 × 19 ಮಿ.ಮೀ. ಗಟ್ಟಿ ಮರದ ಪಟ್ಟಿ, ಉದ್ದ 870. ಮೇಪಲ್, ಓಕ್, ತೇಗ ಯಾವುದಾದರೂ ಆದೀತು. ಗಂಟಿಲ್ಲದೆ, ಎಳೆ ಉದ್ದಕ್ಕೂ ನೇರವಾಗಿ ಓಡಿರಬೇಕು. ನಾನು ಹಾಕುವ ಮೂರು ತಂತಿ ಸೇರಿ 35 ಕಿಲೋ ಹತ್ತಿರ ಎಳೆಯುತ್ತವೆ. ಒಳಗೆ ಕಬ್ಬಿಣದ ಸರಳಿಲ್ಲದ ಕತ್ತು ಅದು, ಮೆತ್ತನೆಯ ಮರವಾದರೆ ಬಾಗಿಬಿಡುತ್ತದೆ.

ಪಟ್ಟಿಯ ತಲೆಯ ತುದಿಯಿಂದ 140 ಮಿ.ಮೀ.ಗೆ ನಟ್‌ನ ಗೆರೆ, ಅಲ್ಲಿಂದ 635 ಮಿ.ಮೀ.ಗೆ ಬ್ರಿಡ್ಜ್‌ನ ಗೆರೆ. ತಲೆಯ ಕಡೆ ತಂತಿ ಕೂರುವ ತುಂಡು ನಟ್, ಮುಚ್ಚಳದ ಮೇಲೆ ಕೂರುವುದು ಬ್ರಿಡ್ಜ್; ನುಡಿಯುವುದು ಇವೆರಡರ ನಡುವಿನ ತಂತಿ. ಬ್ರಿಡ್ಜ್‌ನಿಂದ ಪೆಟ್ಟಿಗೆಯ ಬಾಲದ ಅಂಚಿಗೆ 75 ಬಿಡುತ್ತೇನೆ, ಅಂದರೆ ಪೆಟ್ಟಿಗೆಯ ಉದ್ದದಲ್ಲಿ ಮೂರನೇ ಒಂದು ಭಾಗ. ಬ್ರಿಡ್ಜ್ ಅಂಚಿಗೆ ತೀರಾ ಹತ್ತಿರವಾದರೆ ಅಲ್ಲಿ ಮುಚ್ಚಳ ಬಿಗಿ, ದನಿ ಕೀರಲು. ಉಳಿದ 20 ಮಿ.ಮೀ. ಬಾಲವಾಗಿ ಹೊರಗೆ ಚಾಚುತ್ತದೆ. ತಂತಿ ಕಟ್ಟುವುದು ಅದಕ್ಕೆ.

ಪೆಟ್ಟಿಗೆಯ ಎರಡು ತುದಿಗಳಲ್ಲೂ 38 ಅಗಲ, 19 ಆಳದ ಕಚ್ಚು ಹಾಕಿ ಕತ್ತನ್ನು ಕೂರಿಸಿದರೆ ಅದರ ಮೇಲ್ಮೈ ಗೋಡೆಯ ಅಂಚಿಗೆ ಸಮವಾಗುತ್ತದೆ. ಹಾಗೆಯೇ ಮುಚ್ಚಳ ಹಾಕಿದಿರೋ, ಕತ್ತು ಅದಕ್ಕೆ ಉದ್ದಕ್ಕೂ ತಾಗಿ ದನಿಯನ್ನು ಅದುಮುತ್ತದೆ. ಅದಕ್ಕೆ ಒಳಗೋಡೆಯಿಂದ ಒಳಗೋಡೆಗೆ ಕತ್ತಿನ ಮೇಲ್ಭಾಗವನ್ನು 5 ಮಿ.ಮೀ. ಕೆತ್ತಿ ತೆಗೆಯಬೇಕು. ಗರಗಸದಲ್ಲಿ 10 ಮಿ.ಮೀ.ಗೊಂದು ಗೀರು ಹಾಕಿ, ಉಳಿಯಿಂದ ಎಬ್ಬಿಸಿದರೆ ಬೇಗ ಮುಗಿಯುತ್ತದೆ. ಮುಚ್ಚಳ ಹಾಕಿ, ತಂತಿಯೇರಿಸಿ, ದನಿ ಮೊಂಡಾಗಿದೆ ಎನ್ನುವವರ ಗಿಟಾರನ್ನು ಬಿಚ್ಚಿ ನೋಡಿದರೆ ಹೆಚ್ಚಿನಂಶ ಈ ಕೆತ್ತನೆಯೇ ಇರುವುದಿಲ್ಲ.

ನಟ್‌ನಿಂದ ತಲೆಯ ಕಡೆಗೆ ಮೇಲಿನಿಂದ 6 ಮಿ.ಮೀ. ತೆಗೆದು ದಪ್ಪವನ್ನು 13ಕ್ಕೆ ಇಳಿಸುತ್ತೇನೆ. ತಂತಿ ಬಿಗಿಸುವ ಟ್ಯೂನಿಂಗ್ ಕೀಯ ಕಂಬ ಮೇಲೆ ಇಣುಕುವುದು ಆಗಲೇ. ತಂತಿ ನಟ್ ದಾಟಿ ಕೆಳಗಿಳಿಯುವ ಕೋನವೂ ಅದರಿಂದಲೇ ಬರುತ್ತದೆ. ಕೋನವಿಲ್ಲದ ತಂತಿ ನಟ್‌ನ ಗೀರಿನಲ್ಲಿ ಕುಣಿದು ಝರ್‌ಗುಟ್ಟುತ್ತದೆ. ಕೀಯ ತೂತಿನ ಅಳತೆಯನ್ನು ಕೀಯನ್ನೇ ಅಳೆದು ನಿರ್ಧರಿಸಿ. ಅದರ ಪುಟ್ಟ ಸ್ಕ್ರೂಗಳಿಗೆ ಮೊದಲು ಸಣ್ಣ ತೂತು ಕೊರೆದು, ಸ್ಕ್ರೂಗೆ ಮೇಣ ಸವರಿ. ಇಲ್ಲದಿದ್ದರೆ ಗಟ್ಟಿ ಮರದಲ್ಲಿ ಅದರ ತಲೆ ಮುರಿದು ಕೈಗೆ ಬರುತ್ತದೆ.

ಕತ್ತಿನ ಮೇಲೆ, ನಟ್‌ನಿಂದ ಪೆಟ್ಟಿಗೆಯ ಅಂಚಿನವರೆಗೆ, 6 ಮಿ.ಮೀ. ದಪ್ಪದ ಫ್ರೆಟ್‌ಬೋರ್ಡ್. 635 ಮಿ.ಮೀ. ತಂತಿಗೆ ನಟ್‌ನಿಂದ ಮೊದಲ ಹನ್ನೆರಡು ಫ್ರೆಟ್‌ಗಳ ದೂರ ಹೀಗೆ: 35.6, 69.3, 101.0, 131.0, 159.3, 186.0, 211.2, 235.0, 257.4, 278.6, 298.6, 317.5. ಬೇರೆ ಅಳತೆಯ ತಂತಿಯಾದರೆ ಉದ್ದವನ್ನು 17.817ರಿಂದ ಭಾಗಿಸಿ, ಅದು ಮೊದಲ ಫ್ರೆಟ್. ಉಳಿದ ಉದ್ದವನ್ನು ಮತ್ತೆ ಅದರಿಂದಲೇ ಭಾಗಿಸುತ್ತ ಹೋಗಿ. ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಹಿಂದಿನ ಫ್ರೆಟ್‌ನಿಂದ ಮುಂದಿನದಕ್ಕೆ ಅಳೆದರೆ ಕಾಲು ಮಿ.ಮೀ. ತಪ್ಪು ಹನ್ನೆರಡರ ಹೊತ್ತಿಗೆ 3 ಮಿ.ಮೀ. ಆಗಿರುತ್ತದೆ, ಅದನ್ನು ಯಾವ ಶ್ರುತಿಯೂ ಸರಿಪಡಿಸದು. ಫ್ರೆಟ್ ತಂತಿಯ ಬುಡ ಬಿಗಿಯಾಗಿ ಕೂರುವಷ್ಟೇ ಅಗಲದ ಗೀರು, 2.5 ಮಿ.ಮೀ. ಆಳ, ಮೂಲೆಮಟ್ಟ ಇಟ್ಟು ಕೊಯ್ಯಬೇಕು. ಗೀರು ಅಗಲವಾದರೆ ಫ್ರೆಟ್ ಏಳುತ್ತದೆ. ತೀರಾ ಕಿರಿದಾದರೆ ಫ್ರೆಟ್‌ಗಳೆಲ್ಲ ಬೆಣೆಯಂತೆ ನುಗ್ಗಿ ಕತ್ತನ್ನು ಹಿಂದಕ್ಕೆ ಬಗ್ಗಿಸುತ್ತವೆ.

ಬರೀ ಸ್ಲೈಡ್‌ನಲ್ಲಿ (ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವ ಕೊಳವೆ) ನುಡಿಸುವುದಾದರೆ ಫ್ರೆಟ್ಟೇ ಬೇಡ, ಗೆರೆ ಬರೆದರೆ ಸಾಕು. ಮೊದಲ ಗಿಟಾರಿಗೆ ನಾನು ಹೇಳುವುದು ಇದನ್ನೇ.

ನಟ್‌ಗೆ ಎಲುಬಿನ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ತುಂಡು. ಗೀರಿನಿಂದ ಗೀರಿಗೆ 13 ಮಿ.ಮೀ. ಮೂರನೇ ಫ್ರೆಟ್ ಒತ್ತಿದಾಗ ಮೊದಲ ಫ್ರೆಟ್‌ಗೂ ತಂತಿಗೂ ಒಂದು ಕಾಗದ ತೂರುವಷ್ಟು ಸಂದಿರಬೇಕು. ಗೀರು ಆಳವಾಗಿ ತಂತಿ ಫ್ರೆಟ್‌ಗೆ ತಾಗಿದರೆ ತೆರೆದ (ಬೆರಳಿಡದ) ತಂತಿ ಝರ್ ಅನ್ನುತ್ತದೆ; ಎತ್ತರವಾದರೆ ಮೊದಲ ಫ್ರೆಟ್‌ಗಳ ಸ್ವರ ಏರುತ್ತದೆ. ಬ್ರಿಡ್ಜ್‌ಗೆ 8 ಮಿ.ಮೀ. ಬೋಲ್ಟ್ ಒಂದು ತುಂಡು. 3 ಮಿ.ಮೀ. ಮುಚ್ಚಳ, 6 ಮಿ.ಮೀ. ಫ್ರೆಟ್‌ಬೋರ್ಡ್ ಇದ್ದಾಗ ಇದರಿಂದ ಹನ್ನೆರಡನೇ ಫ್ರೆಟ್ ಮೇಲೆ ತಂತಿ ಎರಡೂವರೆ ಮಿ.ಮೀ. ಎತ್ತರದಲ್ಲಿ ನಿಲ್ಲುತ್ತದೆ, ಬೆರಳಿಗೆ ಹದವಾದ ಎತ್ತರ. ಸ್ಲೈಡ್‌ಗೆ 5 ಬೇಕು. ಬೋಲ್ಟ್ ಕೆಳಗೆ ಮರದ ಪಟ್ಟಿ ಇಡಿ, ನಟ್ಟನ್ನೂ ತುಸು ಎತ್ತರಿಸಿ. ಬ್ರಿಡ್ಜನ್ನು ಅಂಟಿಸಬೇಡಿ, ತಂತಿಯ ಒತ್ತಡವೇ ಹಿಡಿದಿಡುತ್ತದೆ.

ಬಾಲದಲ್ಲಿ 15 ಮಿ.ಮೀ. ಅಂತರದ ಮೂರು ತೂತು. ತಂತಿಯ ಗುಂಡು ತುದಿ ಮರವನ್ನು ಕೊರೆದು ಒಳಸೇರದಂತೆ ಹಿಂಬದಿಗೆ ತೂತುಳ್ಳ ಲೋಹದ ಪಟ್ಟಿ ಹಾಕಿ.

ಪಿಕಪ್‌ಗೆ 27 ಮಿ.ಮೀ. ಪೀಜೋ ಬಿಲ್ಲೆ. ನಡುವಿನ ಬಿಳಿ ಭಾಗದ ತಂತಿ ಜಾಕ್‌ನ ತುದಿಗೆ, ಹಿತ್ತಾಳೆ ಅಂಚಿನದ್ದು ಜಾಕ್‌ನ ಗ್ರೌಂಡ್‌ಗೆ. ಬೆಸುಗೆ ಕಾವು ಎರಡು ಸೆಕೆಂಡಿಗಿಂತ ಹೆಚ್ಚು ತಗುಲಿಸಬಾರದು, ಬಿಳಿ ಲೇಪ ಎದ್ದುಬರುತ್ತದೆ. ಬ್ರಿಡ್ಜ್‌ನ ನೇರ ಕೆಳಗಿಟ್ಟರೆ ದನಿ ಚುಚ್ಚುತ್ತದೆ, ಕೈ ತಾಗಿದ್ದೆಲ್ಲ ಕೇಳುತ್ತದೆ, 30–40 ಮಿ.ಮೀ. ಬದಿಗೆ ಸರಿಸಿ ಗ್ಲೂ ಗನ್‌ನ ಅಂಟಿನಲ್ಲಿ ಪೂರ್ತಿ ಮುಳುಗಿಸುತ್ತೇನೆ. ವಾಲ್ಯೂಮ್ ಕಂಟ್ರೋಲ್ 500 ಕಿಲೋ ಓಂ ಅಥವಾ 1 ಮೆಗಾ ಓಂ ಇರಲಿ, ಕಮ್ಮಿಯದ್ದು ಮಂದ್ರದ ದನಿಯನ್ನೇ ನುಂಗುತ್ತದೆ. ಮುಚ್ಚಳಕ್ಕೆ ಅಂಟು ಬೇಡ, ನಾಲ್ಕು ಮೂಲೆಗೆ ಸಣ್ಣ ಸ್ಕ್ರೂ ಸಾಕು. ಗೊರಗೊರ ಸದ್ದು ಬಂದರೆ ಮೊದಲು ಚಿಲಕ, ಕೀಲು, ಒಳಗಿನ ವೈರು ನೋಡಿ. ಫ್ರೆಟ್ ಮೇಲೆ ಅನುಮಾನ ಆಮೇಲೆ.

ಅಕೂಸ್ಟಿಕ್ ಗಿಟಾರಿನ 12ರ ಲೈಟ್ ಸೆಟ್‌ನಿಂದ (ಅದರ ತೀರಾ ತೆಳು ತಂತಿ 0.012 ಇಂಚು) ಎ, ಡಿ, ಜಿ ತಂತಿಗಳನ್ನು (0.042, 0.032, 0.024 ಇಂಚು) ತೆಗೆದು ಎ ತಂತಿಯನ್ನು ಜಿಗೆ ಇಳಿಸಿ. ಜಿ-ಡಿ-ಜಿ, ನಮ್ಮ ಸ-ಪ-ಸ. ಹನ್ನೆರಡನೇ ಫ್ರೆಟ್ ಒತ್ತಿದ ಸ್ವರ ಅಲ್ಲೇ ತಂತಿಯನ್ನು ಒತ್ತದೆ ಬರೀ ಮುಟ್ಟಿ ಮೀಟಿದಾಗ ಬರುವ ಹಾರ್ಮೋನಿಕ್‌ಗಿಂತ ಏರಿದ್ದರೆ ಬ್ರಿಡ್ಜನ್ನು ಬಾಲದ ಕಡೆಗೆ ಸರಿಸಿ, ಇಳಿದಿದ್ದರೆ ನಟ್‌ನ ಕಡೆಗೆ. ದಪ್ಪ ತಂತಿಯ ಕಡೆ ಒಂದೆರಡು ಮಿ.ಮೀ. ಹಿಂದೆ ಇದ್ದೇ ಇರುತ್ತದೆ.

ನುಡಿಸುವ ಸುಖ ಈ ಶ್ರುತಿಯಲ್ಲೇ ಇದೆ. ಮೂರೂ ತಂತಿಗೆ ಅಡ್ಡಲಾಗಿ ಒಂದು ಬೆರಳಿಟ್ಟರೆ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು): ತೆರೆದದ್ದು ಜಿ, ಐದಕ್ಕೆ ಸಿ, ಏಳಕ್ಕೆ ಡಿ. ಗಾಂಧಾರ ಇಲ್ಲದ್ದರಿಂದ ಮೇಜರ್ ಹಾಡಿಗೂ ಮೈನರ್ ಹಾಡಿಗೂ ಒಗ್ಗುತ್ತದೆ. ತೆಳು ತಂತಿಯ ಮೇಲೆ 3, 5, 7, 10, 12 ಹಿಡಿದು ಓಡಾಡಿದರೆ ಬ್ಲೂಸ್ ತಾನಾಗಿ ಬರುತ್ತದೆ. ಸ್ಲೈಡನ್ನು ಫ್ರೆಟ್‌ನ ಹಿಂದಲ್ಲ, ಗೆರೆಯ ನೇರ ಮೇಲೆ ಇಡಬೇಕು. ಸ್ಲೈಡ್‌ನ ಹಿಂದಿನ ಬೆರಳುಗಳು ತಂತಿಯನ್ನು ಹಗುರವಾಗಿ ಮುಟ್ಟಿರಲಿ, ಇಲ್ಲದಿದ್ದರೆ ಬೇಡದ ಸದ್ದು ಸೇರುತ್ತದೆ.

ಗುಂಪಿಗೆ ಕಲಿಸುವಾಗ ನಾನು ಕತ್ತಿನ ಕೆತ್ತನೆ, ಪೆಟ್ಟಿಗೆಯ ಕಚ್ಚು ಮೊದಲೇ ಮುಗಿಸಿಟ್ಟು ಅಳತೆ, ಅಂಟು, ತಂತಿಯಷ್ಟನ್ನೇ ಅವರ ಕೈಗೆ ಬಿಡುತ್ತೇನೆ. ಉಳಿ ಹಿಡಿಯುವ ಕೆಲಸ ಮೊದಲ ದಿನಕ್ಕೆ ಬೇಡ. 5, 7, 12ಕ್ಕೆ ಬಣ್ಣದ ಚುಕ್ಕೆ ಹಾಕಿದರೆ ಎಂದೂ ವಾದ್ಯ ಮುಟ್ಟದವರೂ ಕೂತಲ್ಲೇ ಒಂದು ಹಾಡಿಗೆ ಜತೆ ನುಡಿಸುತ್ತಾರೆ. ಎಡಗೈಯವರಿಗೆ ಕೊಡುವುದಾದರೆ ದಪ್ಪ ಮತ್ತು ತೆಳು ತಂತಿಗಳನ್ನು ಅದಲುಬದಲು ಮಾಡಿ, ನಟ್‌ನ ಆ ಎರಡು ಗೀರುಗಳನ್ನು ಹೊಂದಿಸಿ, ಬ್ರಿಡ್ಜ್‌ನ ಓರೆಯನ್ನು ತಿರುಗಿಸಿದರೆ ಆಯಿತು. ಯಾರಿಗೇ ಕೊಟ್ಟರೂ ಮುಚ್ಚಳದ ಒಳಮೈಗೆ ತಂತಿಗಳ ದಪ್ಪ, ಶ್ರುತಿ, ನಟ್‌ನಿಂದ ಬ್ರಿಡ್ಜ್‌ಗಿರುವ 635ರ ಅಳತೆ ಬರೆದ ಚೀಟಿ ಅಂಟಿಸುತ್ತೇನೆ. ತಂತಿ ಬದಲಿಸುವ ದಿನ ಮೂರನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಉರುಳಿಹೋಗುತ್ತದೆ, ಒಂದೊಂದಾಗಿ ಬದಲಿಸಿ ಎಂಬುದನ್ನೂ ಅದರಲ್ಲೇ ಬರೆದಿರುತ್ತೇನೆ.